ದುಂಡಗಿನ ಕುಣಿತ, ಒಂದೇ ದಿಕ್ಕಿನ ವೇದಿಕೆ

ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಯ ಹಳ್ಳಿಗಳಲ್ಲಿ ಹೆಜ್ಜೆ ಮೇಳದವರು ಹಾಡಿಗೆ ನಿಂತರೆ ಯಾರೂ ಗಡಿಯಾರ ನೋಡುವುದಿಲ್ಲ. ಹಲಗೆ ಕಾಯಿಸಿ ಮುಗಿದ ಮೇಲೆ ಶುರು. ಮೈ ದಣಿದಾಗ ಒಂದಿಷ್ಟು ಬಿಡುವು, ಚಹಾ ಕುಡಿದು ಮತ್ತೆ ಹಾಡು. ಕುಣಿಯುವವರು ಒಬ್ಬರ ಮುಖ ಒಬ್ಬರು ನೋಡುತ್ತ ದುಂಡಗೆ ಸುತ್ತುತ್ತಾರೆ. ನೋಡುವವರು ಅವರ ಸುತ್ತ ಇನ್ನೊಂದು ದುಂಡು ಕಟ್ಟಿ ನಿಲ್ಲುತ್ತಾರೆ. ಮುಂದು ಯಾವುದು, ಹಿಂದು ಯಾವುದು ಎಂಬ ಪ್ರಶ್ನೆಯೇ ಅಲ್ಲಿ ಹುಟ್ಟುವುದಿಲ್ಲ. ಅದೇ ಕುಣಿತವನ್ನು ಶಾಲೆ-ಕಾಲೇಜಿನ ಮಕ್ಕಳು ಸ್ಪರ್ಧೆಗೆ ಒಯ್ಯಬೇಕಾದಾಗ ಮೂರು ಕಟ್ಟುಪಾಡು ಎದುರಾಗುತ್ತವೆ: ಇಷ್ಟೇ ಜನ, ಇಷ್ಟೇ ನಿಮಿಷ, ತೀರ್ಪುಗಾರರು ಕೂತ ಒಂದೇ ದಿಕ್ಕು.

ಸ್ಪರ್ಧೆಯ ತಯಾರಿ ಎಂದರೆ ಹೆಜ್ಜೆ ಕಲಿಸುವುದು, ಬಟ್ಟೆ ಹೊಂದಿಸುವುದು, ಬಸ್ಸಿಗೆ ಹತ್ತಿಸುವುದು ಎಂದು ಬಹಳ ಜನ ತಿಳಿದಿದ್ದಾರೆ. ಅವೆಲ್ಲ ಬೇಕು, ಸರಿ. ಆದರೆ ತಯಾರಿಯ ತಿರುಳು ಬೇರೆ ಕಡೆ ಇದೆ ಎಂಬುದು ನನ್ನ ಎಣಿಕೆ. ರಾತ್ರಿಯಿಡೀ ನಡೆಯುವ ದುಂಡಗಿನ ಕುಣಿತವನ್ನು ಹತ್ತು ನಿಮಿಷಕ್ಕೆ ಇಳಿಸುವಾಗ ಏನನ್ನು ಬಿಡಬಹುದು, ಏನನ್ನು ಬಿಟ್ಟರೆ ಕುಣಿತವೇ ಉಳಿಯುವುದಿಲ್ಲ ಎಂದು ತೀರ್ಮಾನಿಸುವುದೇ ನಿಜವಾದ ಕೆಲಸ. ಕಲಿಸುವ ಮಾಸ್ತರರು, ಅಕ್ಕೋರು ಇದನ್ನು ಬಾಯಿಬಿಟ್ಟು ಹೇಳದಿದ್ದರೂ ತಾಲೀಮಿನ ಪ್ರತಿ ಸಂಜೆ ಇದೇ ತೀರ್ಮಾನವನ್ನು ಮಾಡುತ್ತಿರುತ್ತಾರೆ.

ನೇಸರಗಿಯನ್ನೇ ನೋಡೋಣ. ಬೆಳಗಾವಿಯಿಂದ ಯರಗಟ್ಟಿ, ಬಾಗಲಕೋಟೆ ಕಡೆಗೆ ಹೋಗುವ ರಸ್ತೆಯ ಮೇಲಿನ ಈ ಊರು ಬೈಲಹೊಂಗಲ ತಾಲ್ಲೂಕಿನದು. ರಟ್ಟರ ಕಾಲದ ಶಾಸನ ಇರುವ ಹಳೆಯ ಊರು. ಸುತ್ತ ದೇಶನೂರು, ವಣ್ಣೂರು, ಮೇಕಲಮರಡಿಯಂಥ ಹಳ್ಳಿಗಳು. ಇಂಥ ಊರಿನ ಮಗುವಿಗೆ ಕುಣಿಯಲು ಸಿಗುವ ಮೊದಲ ವೇದಿಕೆ ಬಹುಪಾಲು ಶಾಲೆಯ ಗ್ಯಾದರಿಂಗ್. ಅಲ್ಲಿ ಸಿನಿಮಾ ಹಾಡು, ಭಕ್ತಿಗೀತೆ, ರಾಯಣ್ಣನ ಹಾಡು ಯಾವುದಕ್ಕೂ ಅಡ್ಡಿಯಿಲ್ಲ. ತಪ್ಪು ಹೆಜ್ಜೆಗೂ ಸೀಟಿ ಬೀಳುತ್ತದೆ, ಸರಿ ಹೆಜ್ಜೆಗೂ ಬೀಳುತ್ತದೆ. ಗ್ಯಾದರಿಂಗನ್ನು ಕೀಳಾಗಿ ಕಾಣುವವರ ಮಾತು ನನಗೆ ಒಪ್ಪಿಗೆಯಿಲ್ಲ. ನಾಲ್ಕು ಜನರ ಮುಂದೆ ನಿಲ್ಲುವ ಧೈರ್ಯ ಮಕ್ಕಳಿಗೆ ಬರುವುದು ಅಲ್ಲಿಯೇ.

ಸ್ಪರ್ಧೆಯ ಏಣಿ ಬೇರೆ. ಎರಡು ದಶಕ ದಾಟಿದ ಪ್ರತಿಭಾ ಕಾರಂಜಿ ಕ್ಲಸ್ಟರಿನಿಂದ ತಾಲ್ಲೂಕಿಗೆ, ಜಿಲ್ಲೆಗೆ, ರಾಜ್ಯಕ್ಕೆ ಏರುತ್ತದೆ. 2015ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಕಲಾ ಉತ್ಸವ ಅದರ ಪಕ್ಕಕ್ಕೆ ಬಂತು. ಕಾಲೇಜು ಸೇರಿದವರಿಗೆ 2010ರಲ್ಲಿ ಹುಟ್ಟಿದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಯುವಜನೋತ್ಸವ, ಅಲ್ಲಿ ಗೆದ್ದವರಿಗೆ ಅಂತರ ವಿಶ್ವವಿದ್ಯಾಲಯ ಮಟ್ಟ. ಇನ್ನೊಂದು ದಾರಿಯಲ್ಲಿ ಯುವಜನ ಇಲಾಖೆಯ ಜಿಲ್ಲಾ, ರಾಜ್ಯ ಯುವಜನೋತ್ಸವ, ಕೊನೆಗೆ ಸ್ವಾಮಿ ವಿವೇಕಾನಂದರ ಜನ್ಮದಿನವಾದ ಜನವರಿ 12ರ ಹೊತ್ತಿಗೆ ನಡೆಯುವ ರಾಷ್ಟ್ರೀಯ ಯುವಜನೋತ್ಸವ. 2023ರಲ್ಲಿ ಅದು ಹುಬ್ಬಳ್ಳಿ-ಧಾರವಾಡದಲ್ಲೇ ನಡೆಯಿತು. ಈ ಸೀಮೆಯ ಎಷ್ಟೋ ಹುಡುಗರು ದೇಶದ ಎಲ್ಲ ಮೂಲೆಗಳ ಕುಣಿತವನ್ನು ಎರಡು-ಮೂರು ತಾಸಿನ ಬಸ್ ಹಾದಿಯಲ್ಲೇ ನೋಡುವಂತಾಯಿತು. ಸ್ಪರ್ಧೆಯಲ್ಲದಿದ್ದರೂ ತಂಡಗಳನ್ನು ಬೆಳೆಸಿದ ಎರಡು ಉತ್ಸವಗಳು ಇಲ್ಲಿ ಪಕ್ಕದಲ್ಲೇ ಇವೆ. 1824ರ ಅಕ್ಟೋಬರ್ 23ರಂದು ರಾಣಿ ಚನ್ನಮ್ಮನ ಪಡೆ ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಸೈನ್ಯವನ್ನು ಮಣಿಸಿದ ನೆನಪಿನ ಕಿತ್ತೂರು ಉತ್ಸವ ಒಂದು, ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯಲ್ಲಿ ಜನವರಿಯಲ್ಲಿ ನಡೆಯುವ ರಾಯಣ್ಣನ ಉತ್ಸವ ಇನ್ನೊಂದು. ಅಲ್ಲಿಯ ಮೆರವಣಿಗೆಯಲ್ಲಿ ಡೊಳ್ಳು, ಝಾಂಜ್, ಕರಡಿ ಮಜಲು, ಜಗ್ಗಲಿಗೆ ಒಂದರ ಹಿಂದೆ ಒಂದು ಹೋಗುವುದನ್ನು ನೋಡಿದ ಹುಡುಗನಿಗೆ ಯಾವ ಕುಣಿತ ತನ್ನದು ಎಂಬ ಆಯ್ಕೆ ಆಗಲೇ ಶುರುವಾಗಿರುತ್ತದೆ.

ಆ ಆಯ್ಕೆ ಎಲ್ಲಕ್ಕಿಂತ ಮೊದಲಿನ ತೀರ್ಮಾನ. ತಂಡ ಸೋಲುವುದು ಹೆಚ್ಚಾಗಿ ವೇದಿಕೆಯ ಮೇಲಲ್ಲ, ಇಲ್ಲಿ. ದೂರದ ಊರಿನ ಯಾವುದೋ ಕುಣಿತದ ವಿಡಿಯೊ ನೋಡಿ ಅದನ್ನೇ ಮಾಡಿಸೋಣ ಎನ್ನುವವರಿದ್ದಾರೆ. ಕಂಸಾಳೆ ಮೈಸೂರು, ಚಾಮರಾಜನಗರ ಸೀಮೆಯ ಮಾದಪ್ಪನ ಭಕ್ತರದು. ಅದನ್ನು ಬಾಲ್ಯದಿಂದ ಕಂಡವರ ಮೈಯಲ್ಲಿ ಅದರ ಬಾಗು ಬಳುಕು ಇರುತ್ತದೆ. ನೇಸರಗಿಯ ಹುಡುಗ ಅದನ್ನು ತಿಂಗಳಲ್ಲಿ ಕಲಿತರೂ ಕೈಗೆ ಬರುವುದು ಹೊರಗಿನ ಆಕಾರ ಮಾತ್ರ. ಇತ್ತ ತನ್ನ ಓಣಿಯಲ್ಲೇ ಮೊಹರಂ ಬಂದರೆ ಹೆಜ್ಜೆ ಹಾಕುವ ಕಾಕಾ ಇದ್ದಾನೆ, ಬೀರಪ್ಪನ ಗುಡಿಯ ಮುಂದೆ ಡೊಳ್ಳು ಹೊಡೆಯುವ ಹಾಲುಮತದ ಮನೆಗಳಿವೆ. ಅವರ ಕುಣಿತ ಕಿವಿಗೆ, ಕಾಲಿಗೆ ಮೊದಲೇ ಗೊತ್ತಿರುತ್ತದೆ. ಕಲಿಸುವುದು ಅರ್ಧ ಮುಗಿದಂತೆ.

ಹಾಗೆ ನೋಡಿದರೆ ಈ ಸೀಮೆಯಲ್ಲಿ ಆಯ್ಕೆಗೆ ಬಡತನವಿಲ್ಲ. ಹೆಜ್ಜೆ ಮೇಳದಲ್ಲಿ ಹಾಡೂ ಕುಣಿತವೂ ಒಂದೇ ಮೈಯಿಂದ ಬರಬೇಕು. ಕಾಲಿಗೆ ಗೆಜ್ಜೆ, ಕೈಯಲ್ಲಿ ವಸ್ತ್ರ, ಹಿಂದೆ ಹಲಗೆ ಮತ್ತು ತಾಳ. ಕರ್ಬಲಾದ ಕಥೆಯ ರಿವಾಯತ್ ಪದಗಳನ್ನು ಹಿಂದೂ-ಮುಸ್ಲಿಂ ಎನ್ನದೆ ಊರವರೆಲ್ಲ ಹಾಡುವ ಮೊಹರಂ ಇಲ್ಲಿಯದು. ಡೊಳ್ಳಿನಲ್ಲಿ ಶಕ್ತಿ ಮುಖ್ಯ. ಜಗ್ಗಲಿಗೆಯಲ್ಲಿ ಎತ್ತಿನ ಗಾಡಿಯ ಗಾಲಿಯಷ್ಟು ದೊಡ್ಡ ಬಳೆಗೆ ಚರ್ಮ ಬಿಗಿದು ಉರುಳಿಸುತ್ತ ಬಡಿಯುತ್ತಾರೆ, ಕಣಿಹಲಗೆಯವನು ಮುಂದೆ ನಿಂತು ದಾರಿ ತೋರಿಸುತ್ತಾನೆ. ಕೋಲಾಟ ಹುಡುಗಿಯರಿಗೂ ಹುಡುಗರಿಗೂ ಸಲ್ಲುತ್ತದೆ. ಲೇಜೀಮು ಇದೆ; ಮಹಾರಾಷ್ಟ್ರದೊಡನೆ ಹಂಚಿಕೊಂಡ ಕಸರತ್ತಿನ ಕುಣಿತ ಅದು, ಪಿ.ಟಿ. ಮಾಸ್ತರರು ‘ಚಾರ್ ಆವಾಜ್’, ‘ಏಕ್ ಜಗಾ’, ‘ಆಗೇ ಫಲಾಂಗ್’ ಎಂದು ಹಿಂದಿಯಲ್ಲೇ ಹುಕುಂ ಕೊಟ್ಟು ಕಲಿಸಿದ್ದು. 1982ರ ದಿಲ್ಲಿ ಏಷ್ಯನ್ ಕ್ರೀಡಾಕೂಟದ ಉದ್ಘಾಟನೆಗೆ ಸಾಂಗ್ಲಿ ಭಾಗದ ನೂರಾರು ಲೇಜೀಮಿನವರು ಹೋಗಿದ್ದರು. ಸಾಂಗ್ಲಿ ನಮಗೆ ದೂರದ ಊರಲ್ಲ.

ಇನ್ನು ನಿಯಮಗಳ ಮಾತು. ಅಂತರ ವಿಶ್ವವಿದ್ಯಾಲಯ ಯುವಜನೋತ್ಸವದ ಜಾನಪದ ನೃತ್ಯದಲ್ಲಿ ಕುಣಿಯುವವರು ಹೆಚ್ಚೆಂದರೆ 10, ವಾದ್ಯ ಮತ್ತು ಹಾಡಿನವರು 5, ಸಮಯ 10 ನಿಮಿಷದೊಳಗೆ. ಹುಡುಗರೇ ಇರಬಹುದು, ಹುಡುಗಿಯರೇ ಇರಬಹುದು, ಕೂಡಿಯೂ ಇರಬಹುದು. ಹಾಡಿನ ಅರ್ಥ ಮತ್ತು ಕುಣಿತದ ಹಿನ್ನೆಲೆ ತಿಳಿಸುವ ಸಣ್ಣ ಟಿಪ್ಪಣಿಯ ಮೂರು ಪ್ರತಿ ಕೊಡಬೇಕು. ಲಯ, ಸಾಲುಕಟ್ಟು, ಭಾವ, ಉಡುಪು, ಪ್ರಸಾಧನ, ಒಟ್ಟು ಪರಿಣಾಮ ಇವುಗಳ ಮೇಲೆ ಅಂಕ. ಕೆಳಗಿನ ಸ್ಪರ್ಧೆಗಳ ಕಟ್ಟಳೆ ಸ್ವಲ್ಪ ಹೆಚ್ಚುಕಡಿಮೆ ಇದ್ದರೂ ಹಂದರ ಇದೇ.

ಹತ್ತು ನಿಮಿಷ ಎಷ್ಟು ಉದ್ದ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಎಂಟು ಮಾತ್ರೆಯ ತಾಳ, ನಿಮಿಷಕ್ಕೆ 120 ಮಾತ್ರೆಯ ಓಟ ಎಂದುಕೊಳ್ಳಿ. ಒಂದು ಆವರ್ತನಕ್ಕೆ 4 ಸೆಕೆಂಡು. ಹತ್ತು ನಿಮಿಷಕ್ಕೆ 150 ಆವರ್ತನ. ಹತ್ತು ಜನ ಒಂದು ಸಾಲಿನಿಂದ ದುಂಡಿಗೆ, ದುಂಡಿನಿಂದ ಎರಡು ಸಾಲಿಗೆ ಬದಲಾಗಲು ಕನಿಷ್ಠ ಎರಡು ಆವರ್ತನ ಬೇಕು. ಆದ ಮೇಲೆ ಆ ಆಕಾರ ನೋಡುವವರ ಕಣ್ಣಿಗೆ ಕೂರಲು ಆರೆಂಟು ಆವರ್ತನವಾದರೂ ನಿಲ್ಲಬೇಕು. ಒಳಬರುವುದು, ಹೊರಹೋಗುವುದೂ ಸಮಯದ ಲೆಕ್ಕದಲ್ಲೇ ಸೇರಿರುತ್ತವೆ. ಇಷ್ಟನ್ನು ಕೂಡಿಸಿ ಕಳೆದರೆ ಹದಿನಾಲ್ಕು, ಹದಿನೈದು ಆಕಾರಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಆದರೂ ಮಕ್ಕಳ ತಂಡಗಳಿಗೆ ಮೂವತ್ತು ಆಕಾರ ತುಂಬುವ ಆಸೆ. ಮಾನವ ಗೋಪುರ ಒಂದು, ಅದರ ಮೇಲೆ ಬಾವುಟ ಒಂದು, ಹಾರಿ ಬೀಳುವುದೊಂದು. ಚಪ್ಪಾಳೆ ಬರುತ್ತದೆ ನಿಜ. ಆ ಗದ್ದಲದಲ್ಲಿ ಕುಣಿತದ ನಡೆ ಮಾತ್ರ ಕಾಣದೆ ಹೋಗುತ್ತದೆ.

ನಡೆ ಎಂದೆ. ಹೆಜ್ಜೆ ಮೇಳದ ಜೀವ ಇರುವುದು ಅದು ನಿಧಾನಕ್ಕೆ ಏರುವ ರೀತಿಯಲ್ಲಿ. ಮೊದಲ ನುಡಿಯಲ್ಲಿ ಕಾಲು ನೆಲ ಸವರಿಕೊಂಡು ಹೋಗುತ್ತದೆ, ಮಾತು ಸ್ಪಷ್ಟವಾಗಿ ಕೇಳುತ್ತದೆ. ಎರಡು ಮೂರು ನುಡಿ ಕಳೆದಂತೆ ಹಲಗೆಯವನು ಗೊತ್ತಾಗದಂತೆ ಲಯ ಏರಿಸುತ್ತಾನೆ. ಪಲ್ಲವಿಯ ಕೊನೆಗೆ ಹೆಜ್ಜೆ ಇಮ್ಮಡಿಯಾಗುತ್ತದೆ. ನೋಡುವವರ ಮೈಯೂ ಅದರ ಜೊತೆಗೇ ಬಿಸಿಯೇರುತ್ತದೆ. ಸ್ಪರ್ಧೆಗೆ ಕತ್ತರಿಸುವಾಗ ಎಲ್ಲರೂ ಮೊದಲು ಕತ್ತರಿಸುವುದು ಈ ನಿಧಾನದ ಭಾಗವನ್ನೇ. ಮೊದಲ ಸೆಕೆಂಡಿನಿಂದಲೇ ಓಟ, ಕಿರುಚು, ಜಿಗಿತ. ನನ್ನ ಮಾತು ಕೇಳುವುದಾದರೆ ನುಡಿಗಳನ್ನು ಕಡಿಮೆ ಮಾಡಿ, ಏರುವಿಕೆಯನ್ನು ಬಿಡಬೇಡಿ. ಹನ್ನೆರಡು ನುಡಿಯ ಹಾಡಿನಲ್ಲಿ ನಾಲ್ಕು ಉಳಿಸಿಕೊಂಡರೂ ಸಾಕು. ಮೊದಲ ಎರಡು ನಿಮಿಷ ಮಾತ್ರ ನಿಧಾನಕ್ಕೇ ಮೀಸಲಾಗಿರಲಿ. ಅದಿಲ್ಲದೆ ಕೊನೆಯ ಓಟಕ್ಕೆ ಬೆಲೆಯಿಲ್ಲ.

ದುಂಡನ್ನು ಏನು ಮಾಡುವುದು? ಇದು ಎಲ್ಲಕ್ಕಿಂತ ತೊಡಕಿನ ಪ್ರಶ್ನೆ. ಹತ್ತು ಜನ ಹೆಜ್ಜೆ ಹಾಕುವವರ ನಡುವೆ ಮೂರೂವರೆ ಅಡಿ ಅಂತರ ಇಟ್ಟರೆ ದುಂಡಿನ ಸುತ್ತಳತೆ 35 ಅಡಿ, ಅಡ್ಡಳತೆ 11 ಅಡಿ. ಹಳ್ಳಿಯ ವೇದಿಕೆಯಲ್ಲಿ ಹೇಗೋ ಕೂರುತ್ತದೆ. ಡೊಳ್ಳಿಗೆ ಆರು ಅಡಿ ಅಂತರ ಬೇಕೆಂದರೆ ಸುತ್ತಳತೆ 60, ಅಡ್ಡಳತೆ 19 ಅಡಿ. ಹಾಡಿನವರಿಗೆ, ತಾಳದವರಿಗೆ ನಿಲ್ಲಲು ಜಾಗವೇ ಉಳಿಯುವುದಿಲ್ಲ. ಆದ್ದರಿಂದ ತಾಲೀಮಿನ ಮೊದಲ ವಾರವೇ ನೆಲದ ಮೇಲೆ ವೇದಿಕೆಯ ಅಳತೆಯ ಗೆರೆ ಎಳೆಯಬೇಕು. ಇಡೀ ಮೈದಾನದಲ್ಲಿ ಕಲಿತು ಬಂದ ತಂಡ ವೇದಿಕೆ ಏರಿದ ತಕ್ಷಣ ಒಬ್ಬರ ಡೊಳ್ಳು ಇನ್ನೊಬ್ಬರಿಗೆ ತಾಗುವುದು ಈ ಒಂದು ಕೆಲಸ ಬಿಟ್ಟದ್ದರಿಂದ.

ಅಳತೆಯದು ಸುಲಭದ ಭಾಗ. ದಿಕ್ಕಿನದು ಹಾಗಲ್ಲ. ದುಂಡಿನಲ್ಲಿ ಕುಣಿಯುವಾಗ ಎದುರಿನವನ ಕಾಲು ಕಾಣುತ್ತದೆ, ಹಾಡು ಎತ್ತುವವನ ಕಣ್ಣು ಕಾಣುತ್ತದೆ. ತಪ್ಪಿದವನು ಅದನ್ನು ನೋಡಿಯೇ ಸರಿಮಾಡಿಕೊಳ್ಳುತ್ತಾನೆ. ಅದನ್ನು ಬಿಡಿಸಿ ತೀರ್ಪುಗಾರರತ್ತ ಮುಖ ಮಾಡಿಸಿ ಎರಡು ಸಾಲು ನಿಲ್ಲಿಸಿದರೆ ಮುಂದಿನ ಸಾಲಿನವರಿಗೆ ಯಾರೂ ಕಾಣುವುದಿಲ್ಲ. ಪ್ರತಿಯೊಬ್ಬರೂ ಒಂಟಿಯಾಗುತ್ತಾರೆ. ಅಲ್ಲಿಯವರೆಗೆ ಕಣ್ಣು ಮಾಡುತ್ತಿದ್ದ ಕೆಲಸವನ್ನು ಕಿವಿ ಮಾಡಬೇಕಾಗುತ್ತದೆ. ಆದ್ದರಿಂದಲೇ ನುಡಿಯ ಕೊನೆಯ ಸಾಲು, ಹಲಗೆಯ ಒಂದು ಬೇರೆ ಪೆಟ್ಟು, ಡೊಳ್ಳಿನಲ್ಲಾದರೆ ಮುಂದಾಳಿನ ಸೀಟಿ, ಇವನ್ನು ಸನ್ನೆಯಾಗಿ ಗಟ್ಟಿ ಮಾಡಿಕೊಳ್ಳದೆ ಸಾಲು ಕಟ್ಟಬಾರದು. ಕಣ್ಣು ಮುಚ್ಚಿಸಿ ನಿಂತಲ್ಲೇ ಹೆಜ್ಜೆ ಹಾಕಿಸುವುದು ಒಳ್ಳೆಯ ಅಭ್ಯಾಸ. ಯಾರು ಕಿವಿಯಿಂದ ಕುಣಿಯುತ್ತಿದ್ದಾರೆ, ಯಾರು ಪಕ್ಕದವರನ್ನು ನೋಡಿ ಕುಣಿಯುತ್ತಿದ್ದಾರೆ ಎಂಬುದು ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ನನಗೆ ಹೆಚ್ಚು ಹಿಡಿಸುವುದು ದುಂಡನ್ನು ಪೂರ್ತಿ ಬಿಡದ ತಂಡಗಳು. ದುಂಡನ್ನು ಮುಂದಿನ ಬದಿಗೆ ಮಾತ್ರ ತೆರೆದು ಲಾಳದ ಆಕಾರಕ್ಕೆ ತರುತ್ತಾರೆ. ತೆರೆದ ಬಾಯಿಯಿಂದ ತೀರ್ಪುಗಾರರಿಗೆ ಒಳಗಿನ ಕುಣಿತ ಕಾಣುತ್ತದೆ, ಕುಣಿಯುವವರೂ ಒಬ್ಬರನ್ನೊಬ್ಬರು ಕಾಣುತ್ತಾರೆ. ಕೊನೆಯ ಏರು ಲಯದಲ್ಲಿ ಆ ಬಾಯಿಯನ್ನೂ ಮುಚ್ಚಿ ಪೂರ್ತಿ ದುಂಡಾಗುತ್ತಾರೆ. ಬೆನ್ನು ಕಾಣುತ್ತದೆ ಎಂದು ಕೆಲವು ತೀರ್ಪುಗಾರರು ಅಂಕ ಕಡಿಯಬಹುದು. ಕಡಿಯಲಿ. ಊರಿನ ಕುಣಿತದಲ್ಲಿ ಬೆನ್ನಿಗೂ ತಾಳವಿದೆ. ರುಮಾಲಿನ ಬಾಲ, ಬೆವರಿದ ಅಂಗಿ, ಭುಜದ ಏರಿಳಿತ ಇವೂ ಕುಣಿತವೇ.

ಈಗ ಹವೆಯ ಕಡೆಗೆ. ಪ್ರತಿಭಾ ಕಾರಂಜಿಯ ಕೆಳಹಂತದ ತಾಲೀಮು ಬೀಳುವುದು ಹೆಚ್ಚಾಗಿ ಮಳೆಗಾಲದಲ್ಲಿ. ಮಳೆಗಾಲಕ್ಕೂ ಚರ್ಮದ ವಾದ್ಯಕ್ಕೂ ಆಗಿಬರುವುದಿಲ್ಲ. ಗಾಳಿಯಲ್ಲಿ ತೇವ ಏರಿದಂತೆ ಚರ್ಮ ನೀರು ಹೀರಿ ಸಡಿಲಾಗುತ್ತದೆ; ಸಡಿಲಾದ ಚರ್ಮ ನಿಧಾನಕ್ಕೆ ಕಂಪಿಸುತ್ತದೆ, ದನಿ ಇಳಿದು ಮಂಕಾಗುತ್ತದೆ. ಹಲಗೆಯವರು ಹುಲ್ಲು, ಕಾಗದ ಹೊತ್ತಿಸಿ ಕಾಯಿಸುವುದು ಇದಕ್ಕೇ. ತೇವ ಆರಿದರೆ ಚರ್ಮ ಬಿಗಿದು ಟಣ್ ಎನ್ನುತ್ತದೆ. ಆದರೆ ಆ ಬಿಗಿ ಬಹಳ ಹೊತ್ತು ನಿಲ್ಲುವುದಿಲ್ಲ. ಸ್ಪರ್ಧೆಯ ದಿನ ನಿಮ್ಮ ಸರದಿ ಯಾವಾಗ ಬರುತ್ತದೆಂದು ಗೊತ್ತಿಲ್ಲದೆ ಬೆಳಿಗ್ಗೆಯೇ ಕಾಯಿಸಿಟ್ಟರೆ ಮಧ್ಯಾಹ್ನಕ್ಕೆ ಅದು ಮತ್ತೆ ಸತ್ತ ದನಿಗೆ ಬಂದಿರುತ್ತದೆ. ನಿಮಗಿಂತ ಎರಡು ಸರದಿ ಮೊದಲಿನ ತಂಡ ವೇದಿಕೆ ಏರಿದಾಗ ಬೆಂಕಿ ಹಚ್ಚಬೇಕು. ಶಾಲೆಯ ಹಿಂದೆ ಬೆಂಕಿಗೆ ಎಲ್ಲಿ ಅವಕಾಶವಿದೆ ಎಂದು ಮೊದಲೇ ಕೇಳಿಕೊಂಡಿರಬೇಕು. ಅತಿಯಾಗಿ ಕಾಯಿಸಿದರೆ ಚರ್ಮ ಬಿರಿಯುತ್ತದೆ. ಅದಕ್ಕೇ ಈ ಕೆಲಸವನ್ನು ಮಕ್ಕಳ ಕೈಗೆ ಬಿಡದೆ ವಾದ್ಯ ಬಲ್ಲ ಹಿರಿಯರೊಬ್ಬರನ್ನು ಕರೆದೊಯ್ಯುವುದು ಲೇಸು. ಡೊಳ್ಳಿನದು ಬೇರೆ ಬಗೆ: ಅದರ ಬಿಗಿ ಹಗ್ಗದಲ್ಲಿದೆ, ಹಗ್ಗ ಎಳೆದು ಕಟ್ಟುವ ಕೈಗೆ ಬಲವೂ ಅನುಭವವೂ ಬೇಕು.

ಕೆಲವರು ಈ ತಾಪತ್ರಯವೇ ಬೇಡವೆಂದು ಪ್ಲಾಸ್ಟಿಕ್ ಹಾಳೆಯ ವಾದ್ಯ ತರುತ್ತಾರೆ, ಇಲ್ಲವೇ ಪೆನ್ ಡ್ರೈವಿನಲ್ಲಿ ಹಾಡು. ಫೈಬರಿನ ವಾದ್ಯ ಮಳೆಗೆ ಜಗ್ಗುವುದಿಲ್ಲ, ಎಳೆಯ ಮಕ್ಕಳು ಹೊರಲು ಹಗುರ. ಅದನ್ನು ನಾನು ತಪ್ಪೆನ್ನುವುದಿಲ್ಲ. ಪೆನ್ ಡ್ರೈವಿಗೆ ಮಾತ್ರ ನನ್ನ ವಿರೋಧವಿದೆ. ಅಚ್ಚಾದ ಹಾಡು ಕುಣಿಯುವವನಿಗಾಗಿ ಕಾಯುವುದಿಲ್ಲ. ಒಬ್ಬಳ ಗೆಜ್ಜೆ ಬಿಚ್ಚಿದರೆ, ಒಬ್ಬನ ರುಮಾಲು ಜಾರಿದರೆ, ಎದುರಿಗಿರುವ ಹಲಗೆಯವನು ಅದನ್ನು ಕಂಡು ಇನ್ನೆರಡು ಆವರ್ತನ ಪಲ್ಲವಿಯಲ್ಲೇ ಸುತ್ತಿಸುತ್ತಾನೆ. ಈ ಕೊಡು-ಕೊಳ್ಳುವಿಕೆ ಮೇಳದ ಬುನಾದಿ. ಅದನ್ನು ತೆಗೆದ ಮೇಲೆ ಉಳಿಯುವುದು ಎಣಿಕೆ.

ಮೈಯ ತಯಾರಿಗೆ ಬಂದರೆ, ನಮ್ಮ ಕಡೆ ಇದನ್ನು ಯಾರೂ ಅಷ್ಟು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಹೊಲದಲ್ಲಿ ದುಡಿಯುವ ಮಕ್ಕಳು, ಗಟ್ಟಿಯಾಗಿರುತ್ತಾರೆ ಎಂಬ ನಂಬಿಕೆ. ಗಟ್ಟಿಯಿರುವುದು ನಿಜ. ಆದರೆ ಕುಣಿತದ ದಣಿವು ಬೇರೆ. ಎರಿಮಣ್ಣಿನ ಅಂಗಳದಲ್ಲಿ, ಗುಡಿಯ ಮುಂದಿನ ಮಣ್ಣುನೆಲದಲ್ಲಿ ಜಿಗಿದಾಗ ನೆಲವೇ ಒಂದಿಷ್ಟು ಪೆಟ್ಟು ನುಂಗುತ್ತದೆ. ಶಾಲೆಯ ಸಿಮೆಂಟ್ ಕಟ್ಟೆ ನುಂಗುವುದಿಲ್ಲ. ಅಷ್ಟೂ ಪೆಟ್ಟು ಕಣಕಾಲಿಗೆ, ಮೊಣಕಾಲಿಗೆ, ಮುಂಗಾಲಿನ ಎಲುಬಿಗೆ ವಾಪಸ್ಸು ಬರುತ್ತದೆ. ಎರಡನೇ ವಾರಕ್ಕೆ ಹುಡುಗಿಯರು ಕಾಲು ನೋವೆಂದು ಕೂರುವುದು ಸೋಮಾರಿತನದಿಂದಲ್ಲ. ತಾಲೀಮು ಮಣ್ಣಿನ ಮೇಲೆ ನಡೆಯಲಿ, ಹಿಮ್ಮಡಿ ಊರಿ ಬೀಳದೆ ಮುಂಗಾಲಿನ ಮೇಲೆ ಇಳಿದು ಮೊಣಕಾಲು ಮಡಿಸುವುದನ್ನು ಮೊದಲೇ ಕಲಿಸಲಿ, ದಿನವೂ ಪೂರ್ತಿ ಜಿಗಿತ ಮಾಡಿಸದೆ ಒಂದು ದಿನ ಹಾಡು, ಒಂದು ದಿನ ಕುಣಿತ ಎಂದು ಹಂಚಲಿ. ಬೇಗ ಏದುಸಿರು ಬರುವ, ಮುಖ ಬಿಳಿಚಿದ ಮಕ್ಕಳಿದ್ದರೆ ಗದರಿಸುವ ಮೊದಲು ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ಎಷ್ಟೋ ಮಕ್ಕಳು ನುಂಗದೆ ಎಸೆಯುತ್ತಾರೆ.

ಹಾಡುತ್ತ ಕುಣಿಯುವವರಿಗೆ ಉಸಿರು ಒಂದು ವಿದ್ಯೆ. ನುಡಿಯ ಸಾಲು ಮುಗಿಯುವ ಜಾಗಕ್ಕೂ ಜಿಗಿತ ಬೀಳುವ ಜಾಗಕ್ಕೂ ಹೊಂದಿಕೆ ಇರದಿದ್ದರೆ ಮೂರನೇ ನಿಮಿಷಕ್ಕೆ ಹಾಡು ಒಡೆಯುತ್ತದೆ. ಹಳೆಯ ಮೇಳದವರು ಇದನ್ನು ತಮಗೆ ತಿಳಿಯದೆಯೇ ಹೊಂದಿಸಿಕೊಂಡಿದ್ದಾರೆ: ಹಾಡು ಎತ್ತುವಾಗ ಕಾಲು ಸಣ್ಣದು, ಹಿಮ್ಮೇಳ ಹಾಡನ್ನು ಹಿಡಿದಾಗ ಕಾಲು ದೊಡ್ಡದು. ಮುಂದಿನ ಅರ್ಧ ಜನ ಹಾಡುವಾಗ ಹಿಂದಿನ ಅರ್ಧ ಜನ ಉಸಿರು ತುಂಬಿಕೊಳ್ಳುತ್ತಾರೆ. ಈ ಹಂಚಿಕೆ ವಿಡಿಯೊದಲ್ಲಿ ಕಾಣುವುದಿಲ್ಲ. ಮೇಳದವರ ನಡುವೆ ನಿಂತರೆ ಮಾತ್ರ ತಿಳಿಯುತ್ತದೆ.

ಆದ್ದರಿಂದ ಕಲಿಸುವವರು ಯಾರು ಎಂಬುದು ಸಣ್ಣ ಮಾತಲ್ಲ. ಆಟ ಕಲಿಸುವ ಪದ್ಧತಿ ಈ ಸೀಮೆಯಲ್ಲಿ ಹಳೆಯದು. ಬೈಲಹೊಂಗಲದಲ್ಲೇ ನಡೆದ ಕಥೆ ಎಂದು ಜನ ನಂಬುವ ‘ಸಂಗ್ಯಾ ಬಾಳ್ಯಾ’ ಸಣ್ಣಾಟ ಊರೂರು ಸುತ್ತಿದೆ. ಅದರಾಚೆ ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತ, ಅದನ್ನು ನಾಡಿಗೆಲ್ಲ ಒಯ್ದ ಕೌಜಲಗಿ ನಿಂಗಮ್ಮ. ಈ ಆಟಗಳ ತಾಲೀಮು ರಾತ್ರಿ ಊಟವಾದ ಮೇಲೆ ಗುಡಿಯ ಪಡಸಾಲೆಯಲ್ಲಿ ನಡೆಯುತ್ತಿತ್ತು. ಪೇಟಿ ಮಾಸ್ತರರು ಒಂದು ಕಡೆ, ಹೆಜ್ಜೆ ಕಲಿಸುವ ಹಿರಿಯರು ಒಂದು ಕಡೆ. ಮೊದಲು ಪದ ಬಾಯಿಪಾಠ, ಆಮೇಲೆ ಕೂತು ತಾಳ, ಆಮೇಲೆ ನಿಂತು ಹೆಜ್ಜೆ. ಕುಣಿತ ಕೊನೆಗೆ. ಶಾಲೆಯ ತಾಲೀಮು ಇದನ್ನು ತಲೆಕೆಳಗು ಮಾಡಿದೆ: ಮೊದಲ ದಿನವೇ ಸಾಲು ನಿಲ್ಲಿಸಿ ಕೈಕಾಲು ಎತ್ತಿಸುವುದು. ಸಮಯ ಕಡಿಮೆ ಎಂಬ ಕಾರಣ ಕೊಡುತ್ತಾರೆ. ಹಾಡು ಬಾಯಿಗೆ ಬಂದ ಮಗು ಹೆಜ್ಜೆಯನ್ನು ಬೇಗ ಕಲಿಯುತ್ತದೆ, ಮರೆತರೂ ಹಾಡೇ ನೆನಪಿಸುತ್ತದೆ. ಸಮಯ ಉಳಿಸುವ ದಾರಿ ಇದೇ.

ಹೆಜ್ಜೆ ಮೇಳದ ಹಿರಿಯರನ್ನು ಶಾಲೆಗೆ ಕರೆಯಲು ಸಂಕೋಚಪಡಬೇಕಿಲ್ಲ. ಕರೆದರೆ ಬರುತ್ತಾರೆ. ‘ತಮ್ಮಾ, ಹೆಜ್ಜಿ ತಪ್ಪಿದ್ರ ನಡೀತೈತಿ, ತಾಳ ಬಿಡಬ್ಯಾಡ’ ಎನ್ನುವ ಅವರ ಕಲಿಸುವಿಕೆಯಲ್ಲಿ ಗದರಿಕೆ ಕಡಿಮೆ. ಕರೆಯುವ ಹೊತ್ತನ್ನು ಮಾತ್ರ ಅವರ ಬದುಕಿಗೆ ಹೊಂದಿಸಬೇಕು. ಮೊಹರಂ ಚಾಂದ್ರಮಾನದ ಹಬ್ಬ. ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. 2024ರಲ್ಲಿ ಜುಲೈ 17ಕ್ಕೆ ಬಂದದ್ದು 2025ರಲ್ಲಿ ಜುಲೈ 6ಕ್ಕೆ ಬಂತು. ಈ ಕೆಲವು ವರ್ಷ ಅದು ಮುಂಗಾರು ಬಿತ್ತನೆಯ, ಶಾಲೆ ಶುರುವಾಗುವ ಹೊತ್ತಿಗೇ ಕೂಡಿಬರುತ್ತಿದೆ. ಸ್ಪರ್ಧೆಗೆ ತಂಡ ಕಟ್ಟುವ ಮಾಸ್ತರರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಮೇಳದವರ ಕಾಲು ಹದದಲ್ಲಿರುವಾಗಲೇ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ನೋಡಿಸಬಹುದು, ಒಂದೆರಡು ಸುತ್ತು ಜೊತೆಗೆ ಹಾಕಿಸಲೂಬಹುದು.

ಹುಡುಗಿಯರ ತಂಡಕ್ಕೆ ಇನ್ನೊಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ರಾತ್ರಿಯ ತಾಲೀಮು ಅವರಿಗಿಲ್ಲ. ಶಾಲೆ ಬಿಟ್ಟ ಮೇಲೆ ಊರಿನ ಬಸ್ಸು ಬರುವವರೆಗಿನ ತುಂಡು ಹೊತ್ತೇ ಅವರ ಪಾಲು. ಮನೆಯಲ್ಲಿ ನೀರು, ರೊಟ್ಟಿ, ತಮ್ಮ-ತಂಗಿಯರ ಕೆಲಸ ಕಾಯುತ್ತಿರುತ್ತದೆ. ಆದರೂ ಡೊಳ್ಳನ್ನು ಕೊರಳಿಗೆ ಹಾಕಿಕೊಂಡು ನಿಂತ ಹುಡುಗಿಯರ ತಂಡಗಳು ರಾಜ್ಯದ ಹಲವು ಕಡೆ ಎದ್ದಿವೆ. ಗಂಡಸರದೇ ಎನ್ನಿಸಿಕೊಂಡಿದ್ದ ವಾದ್ಯ ಅವರ ಕೈಗೂ ಬಂದಿದೆ. ಇದರಲ್ಲಿ ಸ್ಪರ್ಧೆಗಳ ಪಾಲು ದೊಡ್ಡದು. ಊರಿನ ಮೇಳದಲ್ಲಿ ಹೆಣ್ಣುಮಕ್ಕಳಿಗೆ ಸಿಗದ ಜಾಗವನ್ನು ಸ್ಪರ್ಧೆ ಕೊಟ್ಟಿತು. ದುಂಡು ಕಳೆದುಹೋಯಿತೆಂದು ಮರುಗುವ ನಾನು ಇದನ್ನು ಮನಸಾರೆ ಒಪ್ಪುತ್ತೇನೆ.

ಉಡುಪಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ, ಧೋತರ, ರುಮಾಲು, ಕರಿ ಕಂಬಳಿ, ಎಲ್ಲವೂ ಮನೆಯ ಟ್ರಂಕಿನಲ್ಲಿವೆ. ಮಿಂಚುವ ಜರಿ ಹಚ್ಚಿದ ಬಾಡಿಗೆ ಬಟ್ಟೆಗಿಂತ ಅಜ್ಜಿಯ ಸೀರೆ ವೇದಿಕೆಯ ಬೆಳಕಿಗೆ ಚೆನ್ನಾಗಿ ನಿಲ್ಲುತ್ತದೆ. ಕಡೆಯ ಮೂರು ನಾಲ್ಕು ತಾಲೀಮು ಉಡುಪಿನಲ್ಲೇ ಆಗಬೇಕು. ಕಚ್ಚೆ ಎಲ್ಲಿ ಸಡಿಲಾಗುತ್ತದೆ, ಗೆಜ್ಜೆಪಟ್ಟಿ ಎಲ್ಲಿ ಉಜ್ಜುತ್ತದೆ ಎಂದು ತಿಳಿಯುವುದು ಆಗಲೇ.

ಆದರೆ ಉಡುಪಿಗೆ ಅಂಟಿಕೊಂಡ ಒಂದು ಮಾತನ್ನು ನಿಂತು ಹೇಳಬೇಕು. ಸವದತ್ತಿ ಯಲ್ಲಮ್ಮನ ಗುಡ್ಡ ಇಲ್ಲಿಂದ ಹತ್ತಿರ. ತಲೆಯ ಮೇಲೆ ಕೊಡ ಹೊತ್ತು, ಚೌಡಿಕೆಯ ಪದಕ್ಕೆ ಕುಣಿಯುವ ಜೋಗತಿಯರ ನೃತ್ಯ ಸ್ಪರ್ಧೆಯ ವೇದಿಕೆಗೂ ಬಂದಿದೆ. ಆ ಕಲೆಯನ್ನು ಎತ್ತಿ ಹಿಡಿದ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಆ ಕುಣಿತದ ಹಿಂದೆ ಮನೆಯಿಂದ ಹೊರಬಿದ್ದವರ, ಬೇಡಿ ಬದುಕಿದವರ ಜೀವನವಿದೆ. ಅದನ್ನು ಕಲಿಯುವ ಮಕ್ಕಳಿಗೆ ಕೊಡದ ಸಮತೋಲವನ್ನಷ್ಟೇ ಕಲಿಸಿ, ಆ ಜೀವನದ ಬಗ್ಗೆ ಒಂದು ಮಾತೂ ಹೇಳದಿರುವುದು ನನಗೆ ತೀರ ಅನ್ಯಾಯವೆನಿಸುತ್ತದೆ. ವೀರಭದ್ರನ ಪುರವಂತಿಕೆಯ ಶಸ್ತ್ರ, ಕರ್ಬಲಾದ ಶೋಕದ ಪದ ಇವಕ್ಕೂ ಇದೇ ಮಾತು ಸಲ್ಲುತ್ತದೆ. ಶೋಕದ ಪದವನ್ನು ನಗುತ್ತ ಕುಣಿಯುವ ಮಕ್ಕಳನ್ನು ತೀರ್ಪುಗಾರರು ತಪ್ಪೆನ್ನಲಿಕ್ಕಿಲ್ಲ, ಅವರಿಗೂ ಅರ್ಥ ತಿಳಿದಿರಲಿಕ್ಕಿಲ್ಲ. ತಾಲೀಮಿನ ಒಂದು ಸಂಜೆಯನ್ನು ಹಾಡಿನ ಅರ್ಥಕ್ಕೆಂದೇ ಇಟ್ಟುಕೊಂಡರೆ ಮಕ್ಕಳ ಮುಖದ ಭಾವ ತಾನಾಗಿ ಬದಲಾಗುತ್ತದೆ.

ಸ್ಪರ್ಧೆಯ ದಿನ ಮಾಡುವುದಕ್ಕೆ ಉಳಿಯುವುದು ಸ್ವಲ್ಪ. ಹೊಟ್ಟೆ ತುಂಬ ಉಣ್ಣಿಸದೆ ಎರಡು ತಾಸು ಮೊದಲೇ ಹಗುರವಾಗಿ ತಿನ್ನಿಸುವುದು, ನೀರು ಕುಡಿಸುತ್ತಿರುವುದು. ವೇದಿಕೆ ಹಲಗೆ ಹಾಸಿದ್ದೋ, ಕಾಂಕ್ರೀಟೋ, ಮೇಲೆ ಜಾರುವ ಜಮಖಾನೆ ಇದೆಯೋ ಎಂದು ಒಬ್ಬರು ಹೋಗಿ ನೋಡಿ ಬರುವುದು. ಮೈಕಿನವರೊಡನೆ ಮಾತಾಡುವುದು ಎಲ್ಲಕ್ಕಿಂತ ಮುಖ್ಯ. ಹಲಗೆಗೆ, ಡೊಳ್ಳಿಗೆ ಮೈಕ್ ಬೇಕಿಲ್ಲ, ಹಾಡಿನವರಿಗೆ ಬೇಕು. ಇದು ಹಿಂದುಮುಂದಾದರೆ ತಿಂಗಳ ಹಾಡು ಯಾರ ಕಿವಿಗೂ ಬೀಳದೆ ಹೋಗುತ್ತದೆ.

ಇಷ್ಟೆಲ್ಲ ತಯಾರಿಯನ್ನು ಮಕ್ಕಳಿಂದ, ಮಾಸ್ತರರಿಂದ ಕೇಳುತ್ತೇವೆ. ಸ್ಪರ್ಧೆ ನಡೆಸುವವರೂ ಎರಡು ತಯಾರಿ ಮಾಡಿಕೊಳ್ಳಲಿ ಎಂಬುದು ನನ್ನ ಒತ್ತಾಯ. ಕುಣಿತದ ಟಿಪ್ಪಣಿ ಕೇಳುವಾಗ ಅದರಲ್ಲಿ ಒಂದು ಸಾಲನ್ನು ಕಡ್ಡಾಯ ಮಾಡಲಿ: ಈ ಕುಣಿತವನ್ನು ಯಾವ ಊರಿನ ಯಾವ ಮೇಳದಿಂದ, ಯಾರ ಬಳಿ ಕಲಿತಿರಿ? ಆ ಹಿರಿಯರ ಹೆಸರನ್ನು ವೇದಿಕೆಯಿಂದ ಓದಲಿ. ಆ ಸಾಲು ಖಾಲಿಯಿದ್ದರೆ ಅಂಕ ಕಡಿಯಲಿ. ಹಾಗಾದರೆ ಮೊಬೈಲ್ ಹಿಡಿದು ಕೂತ ತಂಡಗಳು ಓಣಿಯ ಕಾಕಾನ ಬಾಗಿಲು ಬಡಿದೇ ಬಡಿಯುತ್ತವೆ.

ಎರಡನೆಯದು, ದುಂಡಗಿನ ಕುಣಿತಗಳನ್ನು ವೇದಿಕೆಯಿಂದ ಕೆಳಗಿಳಿಸಲಿ. ಮೈದಾನದಲ್ಲಿ ಕಬಡ್ಡಿ ಅಂಕಣಕ್ಕೆ ಹಾಕುವ ಸುಣ್ಣದ ಪುಡಿಯಲ್ಲೇ ಇಪ್ಪತ್ತೈದು ಅಡಿ ಅಡ್ಡಳತೆಯ ಒಂದು ದುಂಡು ಎಳೆಯಲಿ. ಮೂವರು ತೀರ್ಪುಗಾರರು ಮೂರು ದಿಕ್ಕಿಗೆ ಕೂರಲಿ, ಉಳಿದ ಸುತ್ತು ಮಕ್ಕಳಿಗೆ, ಊರವರಿಗೆ ಇರಲಿ. ರಾಜ್ಯ ಮಟ್ಟದ ಸಭಾಂಗಣದಲ್ಲಿ ಇದು ಆಗಲಿಕ್ಕಿಲ್ಲ. ಕ್ಲಸ್ಟರ್ ಮಟ್ಟದ ಸ್ಪರ್ಧೆಗಳು ನಡೆಯುವುದು ಶಾಲೆಯ ಅಂಗಳದಲ್ಲೇ. ಈ ವರ್ಷವೇ ಶುರು ಮಾಡಬಹುದು.